ಚುರುಕು ಎಂದು ಬರೆಯುವ ಮುನ್ನ

ಸಾಗರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ವಾರವಾಯಿತು. ಫೋನಿನಲ್ಲೇ ಉತ್ತರ ಹೇಳಿಬಿಡಬಹುದಿತ್ತು. ಆದರೆ ನೀನು ಕೇಳಿದ್ದು ಕೂತು ಬರೆಯಬೇಕಾದಂಥ ಪ್ರಶ್ನೆ. ದಸರಾ ರಜೆಗೆ ಮುಂಚೆ ಪ್ರಗತಿ ಪತ್ರ ತುಂಬಬೇಕು, ಒಂದೊಂದು ಮಗುವಿನ ಹೆಸರಿನ ಮುಂದೆ ಒಂದೊಂದು ಸಾಲು ಬರೆಯಬೇಕು ಎಂದಿದ್ದೀಯ. ಮೊದಲ ನಾಲ್ಕೈದು ಮಕ್ಕಳಿಗೆ ‘ಚುರುಕು’ ಎಂದು ಬರೆದೆ, ಆಮೇಲೆ ಪೆನ್ನು ನಿಂತಿತು ಎಂದಿದ್ದೀಯ. ‘ದೊಡ್ಡಮ್ಮ, ಈ ಪದಕ್ಕೆ ಸರಿಯಾದ ಅರ್ಥ ಏನು? ಇದನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು?’ ಎಂದು ಕೇಳಿದ್ದೀಯ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಈ ಪ್ರಶ್ನೆ ನಿನ್ನನ್ನು ತಡೆದು ನಿಲ್ಲಿಸಿತಲ್ಲ, ಓದಿ ನನಗೆ ತುಂಬ ಸಂತೋಷವಾಯಿತು. ಎಷ್ಟೋ ಜನ ಆ ಸಾಲನ್ನು ಹಾಜರಿ ಹಾಕಿದ ಹಾಗೆ ತುಂಬಿ ಮುಗಿಸುತ್ತಾರೆ. ಆ ಮಗು ಮಾತ್ರ ಅದನ್ನು ಬಹಳ ವರ್ಷ ಹೊತ್ತುಕೊಂಡು ತಿರುಗುತ್ತದೆ.

ಮೊದಲು ಪದವನ್ನೇ ನೋಡೋಣ. ಚುರುಕು ಎನ್ನುವುದನ್ನು ನಾವು ಬುದ್ಧಿಗೆ ಮಾತ್ರ ಹೇಳುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅಂಗಳಕ್ಕಿಳಿದರೆ ಬಿಸಿಲು ಚುರುಚುರು ಅನ್ನುತ್ತದೆ. ಹಸಿದರೆ ಹೊಟ್ಟೆ ಚುರುಗುಟ್ಟುತ್ತದೆ. ತರಚಿದ ಗಾಯಕ್ಕೆ ಔಷಧ ಹಚ್ಚಿದರೆ ಚುರ್ ಅನ್ನುತ್ತದೆ. ತಾಯಿಲ್ಲದ ಮಗುವನ್ನು ಕಂಡರೆ ಕರುಳು ಚುರುಕ್ ಅನ್ನುತ್ತದೆ. ಮಾತು ಕೇಳದವನಿಗೆ ಚುರುಕು ಮುಟ್ಟಿಸುತ್ತೇವೆ. ಬಿಸಿಲು, ಹಸಿವು, ಗಾಯ, ಮರುಕ, ಬುದ್ಧಿ ಎಲ್ಲಕ್ಕೂ ಕನ್ನಡದ ಕಿವಿ ಒಂದೇ ಸದ್ದನ್ನು ಇಟ್ಟುಕೊಂಡಿದೆ. ಇವುಗಳಲ್ಲೆಲ್ಲ ಸಮಾನವಾಗಿರುವುದು ತಾಗುವುದು. ಏನೋ ಬಂದು ತಾಗಿತು, ತಾಗಿದ್ದು ಆ ಕ್ಷಣಕ್ಕೇ ಒಳಗೆ ಗೊತ್ತಾಯಿತು. ಬುದ್ಧಿ ಚುರುಕು ಎಂದರೂ ನನ್ನ ಮಟ್ಟಿಗೆ ಅದೇ. ಪ್ರಶ್ನೆಯೋ ಸಂಖ್ಯೆಯೋ ಎದುರಿಗಿದ್ದವರ ಮುಖದ ಬದಲಾವಣೆಯೋ ಬಂದು ತಾಗಿದಾಗ ಮನಸ್ಸಿಗೆ ಅದು ಕೂಡಲೇ ಗೊತ್ತಾಗುವುದು. ಓಡುವುದು, ಮೊದಲು ಮುಟ್ಟುವುದು, ಪಕ್ಕದವರನ್ನು ಹಿಂದೆ ಹಾಕುವುದು ಈ ಪದಕ್ಕೆ ಆಮೇಲೆ ಅಂಟಿಕೊಂಡಿದ್ದಿರಬೇಕು. ಪತ್ರಿಕೆಯವರು ‘ಮುಂಗಾರು ಚುರುಕು’, ‘ತನಿಖೆ ಚುರುಕು’ ಎಂದು ಬರೆದು ಬರೆದು ಅದನ್ನು ವೇಗದ ಕಡೆಗೆ ಇನ್ನಷ್ಟು ಎಳೆದಿದ್ದಾರೆ. ತಪ್ಪೇನಲ್ಲ, ಭಾಷೆ ಹಾಗೇ ಬೆಳೆಯುತ್ತದೆ. ಆದರೆ ಮಗುವಿನ ಬಗ್ಗೆ ಬರೆಯುವಾಗ ನೀನು ಹಳೆಯ ಅರ್ಥದ ಹತ್ತಿರ ನಿಲ್ಲಬೇಕು ಎಂಬುದು ನನ್ನ ಆಸೆ.

ನಮ್ಮ ನೆರೆಯ ಭಾಷೆಗಳಲ್ಲೂ ಈ ಸದ್ದು ಇದೆ. ತೆಲುಗಿನವರಿಗೂ ಚುರುಕು ಉಂಟು, ತಮಿಳಿನವರು ಸುರುಸುರುಪ್ಪು ಎನ್ನುತ್ತಾರೆ. ಸಂಸ್ಕೃತದಿಂದ ನಾವು ತಂದುಕೊಂಡ ಕುಶಾಗ್ರಮತಿ ಬೇರೆ ಜಾತಿಯದು. ದರ್ಭೆಯ ತುದಿಯ ಹಾಗೆ ಮೊನಚಾದ ಬುದ್ಧಿ ಎಂದು ಅದರ ಅರ್ಥ. ಸನ್ಮಾನಪತ್ರಗಳಲ್ಲಿ ಚೆನ್ನಾಗಿ ಒಪ್ಪುತ್ತದೆ, ಎರಡನೇ ತರಗತಿಯ ಮಗುವಿನ ಹಾಳೆಯಲ್ಲಿ ಒಪ್ಪುವುದಿಲ್ಲ. ಇಂಥ ಸಂದೇಹ ಬಂದಾಗ ನಿಘಂಟು ತೆರೆಯುವ ಅಭ್ಯಾಸ ಇಟ್ಟುಕೋ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆ ಪ್ರಯೋಗವೂ ಇರುತ್ತದೆ, ಪದವನ್ನು ಹಿಂದಿನವರು ಯಾವ ಸಂದರ್ಭದಲ್ಲಿ ಹೇಗೆ ಬಳಸಿದರು ಎಂಬುದು ಕಾಣುತ್ತದೆ. ಅದರ ಹಿಂದೆ ಜಿ. ವೆಂಕಟಸುಬ್ಬಯ್ಯನವರಂಥವರ ದಶಕಗಳ ದುಡಿಮೆ ಇದೆ. ಅವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆಯುತ್ತಿದ್ದಾಗ ನಿನ್ನಂಥ ಎಳೆಯ ಮೇಷ್ಟ್ರುಗಳೂ ಗೃಹಿಣಿಯರೂ ಇಂಥವೇ ಪ್ರಶ್ನೆ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ಅಂಕಣ ಓದದೆ ಭಾನುವಾರದ ಕಾಫಿ ಮುಗಿಯುತ್ತಿರಲಿಲ್ಲ. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಆ ಹಿರಿಯರು ಒಂದು ಪದದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಿದ್ದರು. ಅವರ ಬುದ್ಧಿ ಚುರುಕಲ್ಲ ಎಂದು ಯಾರು ಹೇಳಿಯಾರು?

ಇನ್ನು ಬಳಕೆ. ಇಲ್ಲಿ ನಿನಗೆ ಕೆಲಸಕ್ಕೆ ಬರುವ ಮಾತಿದೆ, ಗಮನವಿಟ್ಟು ಓದು. ‘ಅವಳು ಚುರುಕು’ ಎನ್ನುವಾಗ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಕಾಲವೂ ಇಲ್ಲ. ಹುಟ್ಟಿದಾಗಲೇ ಹಾಗೆ, ಸಾಯುವವರೆಗೂ ಹಾಗೆ ಎಂಬ ಧ್ವನಿ ಅದಕ್ಕೆ ತಾನಾಗಿ ಬಂದುಬಿಡುತ್ತದೆ. ‘ಅವಳು ಇವತ್ತು ಚುರುಕಾಗಿದ್ದಾಳೆ’ ಎಂದರೆ ಇವತ್ತಿನ ಮಾತು. ಜ್ವರ ಬಿಟ್ಟಿದೆ, ಹೊಟ್ಟೆ ತುಂಬಿದೆ, ಮನಸ್ಸು ಹಗುರವಾಗಿದೆ. ‘ಚುರುಕಾಗುತ್ತಿದ್ದಾಳೆ’ ಎಂದರೆ ಬೆಳವಣಿಗೆ. ಮೂರೂ ಬೇರೆ ಬೇರೆ ತೀರ್ಪುಗಳು. ಮೊದಲನೆಯದನ್ನು ಕೊಡುವ ಅಧಿಕಾರ ನಮಗೆ ಯಾರಿಗೂ ಇಲ್ಲ ಎಂದು ನನಗೆ ಅನ್ನಿಸುತ್ತದೆ, ಅದರಲ್ಲೂ ಏಳು ವರ್ಷದ ಮಗುವಿನ ಮೇಲೆ. ಕೊನೆಯದನ್ನು ಕೊಡಬಹುದು. ಆದರೆ ಅದಕ್ಕೆ ನೀನು ಜೂನ್ ತಿಂಗಳಿನಿಂದ ಆ ಮಗುವನ್ನು ನೋಡಿರಬೇಕು.

ಇನ್ನೊಂದು ಸಂಗತಿ. ನಮ್ಮ ಹಳ್ಳಿಯವರು ಚುರುಕು ಎಂದು ಬರೀ ಹೇಳಿ ಬಿಡುವುದು ಕಡಿಮೆ, ಅದಕ್ಕೊಂದು ಅಂಗ ಹಚ್ಚುತ್ತಾರೆ. ಅವಳ ಕೈ ಚುರುಕು. ಅವನ ಕಣ್ಣು ಚುರುಕು. ಮುದುಕಿಗೆ ಕಿವಿ ಇನ್ನೂ ಚುರುಕಾಗಿದೆ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯ. ಒಬ್ಬಾಕೆಗೆ ಕೈ ಚುರುಕು, ರಾತ್ರಿಯೊಳಗೆ ಬುಟ್ಟಿಗಳು ತುಂಬಿರುತ್ತಿದ್ದವು. ಇನ್ನೊಬ್ಬಾಕೆಗೆ ಕಣ್ಣು ಚುರುಕು. ಕೊಳೆ ಹಿಡಿದ ಕಾಯಿ ರಾಶಿಯಲ್ಲಿ ಎಲ್ಲಿದ್ದರೂ ಲಾಟೀನು ಬೆಳಕಿನಲ್ಲೇ ಹೆಕ್ಕಿ ಬದಿಗೆ ಹಾಕುತ್ತಿದ್ದಳು. ಯಾರೂ ಒಬ್ಬಳನ್ನು ಚುರುಕು, ಇನ್ನೊಬ್ಬಳನ್ನು ದಡ್ಡಿ ಎನ್ನುತ್ತಿರಲಿಲ್ಲ. ಎಲ್ಲಿ ಚುರುಕು ಎಂದು ಹೇಳುವ ಈ ಪದ್ಧತಿ ಎಷ್ಟು ನ್ಯಾಯವಾದದ್ದು ನೋಡು. ಶಾಲೆಗೆ ಬಂದ ಮೇಲೆ ಅಂಗ ಬಿದ್ದುಹೋಗಿ ಬರೀ ಚುರುಕು ಉಳಿಯಿತು. ಉಳಿದವರೆಲ್ಲ ‘ಸಾಧಾರಣ’ ಎಂಬ ಒಂದೇ ಮೂಟೆಗೆ ಬಿದ್ದರು.

ಚುರುಕಿನ ನೆಂಟರೂ ಕೆಲವರಿದ್ದಾರೆ, ಅವರನ್ನು ಬೆರೆಸಬೇಡ. ಜಾಣ ಎಂದರೆ ತಿಳಿದವನು, ತೂಗಿ ನೋಡಬಲ್ಲವನು. ಆದರೆ ಜಾಣಕುರುಡು, ಜಾಣಮರೆವು ಎಂಬ ಮಾತುಗಳೂ ನಮ್ಮಲ್ಲಿವೆ. ಬೇಕೆಂದೇ ಕಾಣದಿರುವುದು, ಬೇಕೆಂದೇ ಮರೆಯುವುದು. ಜಾಣತನದ ಬೆನ್ನಿಗೆ ಈ ನೆರಳು ಇದೆ. ‘ಚುರುಕು ಕುರುಡು’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ತಾಗಿದ್ದು ಗೊತ್ತಾಗದ ಹಾಗೆ ನಟಿಸುವುದು ಚುರುಕಿನ ಸ್ವಭಾವದಲ್ಲಿಲ್ಲ. ಮೈಸೂರು, ಮಂಡ್ಯದ ಕಡೆಯ ಬೆರಕಿ ಎಂಬ ಪದದಲ್ಲಿ ಬುದ್ಧಿಯ ಜೊತೆ ಸ್ವಲ್ಪ ಸ್ವಂತ ಲಾಭವೂ ಸೇರಿದೆ. ಚೂಟಿ ಎಂಬುದು ಮುದ್ದಿನ ಮಾತು. ಮಕ್ಕಳಿಗೆ ಒಪ್ಪುತ್ತದೆ, ದೊಡ್ಡವರಿಗೆ ಹೇಳಿದರೆ ಹಗುರವಾಗುತ್ತದೆ. ಹುಷಾರು ಪಾರಸಿಯಿಂದ ಬಂದದ್ದು. ಬಂದ ಮೇಲೆ ಅದು ನಮ್ಮಲ್ಲಿ ಎಷ್ಟು ಕೆಲಸ ಮಾಡುತ್ತಿದೆ! ಹುಷಾರಾಗಿ ಹೋಗು ಎಂದರೆ ಎಚ್ಚರ. ಹುಷಾರಿಲ್ಲ ಎಂದರೆ ಕಾಯಿಲೆ. ಹುಡುಗ ಹುಷಾರಿದ್ದಾನೆ ಎಂದರೆ ಬುದ್ಧಿವಂತ. ಮೈ ಸರಿಯಿರುವುದು, ಎಚ್ಚರವಾಗಿರುವುದು, ತಿಳಿವಳಿಕೆ ಇರುವುದು ಮೂರನ್ನೂ ಒಂದೇ ಕಡೆ ಕಟ್ಟಿಟ್ಟಿದ್ದಾರೆ ನಮ್ಮ ಜನ. ಬೆಳಗ್ಗೆ ಏನೂ ತಿನ್ನದೆ ಶಾಲೆಗೆ ಬಂದ ಮಗು ಮಂಕಾಗಿ ಕೂತಿದ್ದರೆ ಅದಕ್ಕೆ ಬುದ್ಧಿ ಕಡಿಮೆ ಎಂದು ಬಗೆಯುವ ಮುಂಚೆ ಈ ಪದ ನೆನಪಾಗಲಿ. ಇನ್ನು ನೀನಿರುವ ಕುಷ್ಟಗಿಯ ಕಡೆ ಶ್ಯಾಣ್ಯಾ ಎಂಬ ಮಾತು ದಿನವೂ ಕಿವಿಗೆ ಬಿದ್ದಿರಬೇಕು. ಮರಾಠಿಯ ಶಹಾಣಾ ಅಲ್ಲಿಯ ನಾಲಗೆಯಲ್ಲಿ ಹಾಗಾಗಿದೆ. ಮಲೆನಾಡಿನ ಹುಡುಗಿಗೆ ಮೊದಮೊದಲು ಒರಟಾಗಿ ಕೇಳಿಸಬಹುದು. ಅದರಲ್ಲಿ ತಿಳಿವಳಿಕೆಯ ಜೊತೆಗೆ ನಡತೆಯ ಮೆಚ್ಚುಗೆಯೂ ಇದೆ, ಕಲಿತುಕೋ.

ಪಂಚತಂತ್ರದ ಮೂರು ಮೀನುಗಳ ಕಥೆ ನಿನಗೆ ಗೊತ್ತು. ಮಕ್ಕಳಿಗೆ ಹೇಳುವಾಗ ಎರಡನೆಯ ಮೀನಿನ ಮೇಲೇ ಎಲ್ಲರ ಕಣ್ಣು. ಬೆಸ್ತರು ಬಲೆ ಹಾಕಿದಾಗ ಸತ್ತಂತೆ ತೇಲಿ ತಪ್ಪಿಸಿಕೊಂಡ ಪ್ರತ್ಯುತ್ಪನ್ನಮತಿ, ಎಂದರೆ ಆ ಹೊತ್ತಿಗೆ ತಕ್ಕ ಬುದ್ಧಿ ಹುಟ್ಟುವವನು. ಆದರೆ ಮೊದಲನೆಯ ಮೀನು ಅನಾಗತವಿಧಾತ, ಬರಬಹುದಾದದ್ದನ್ನು ಯೋಚಿಸಿ ಹಿಂದಿನ ದಿನವೇ ಬೇರೆ ಕೊಳಕ್ಕೆ ಹೋಗಿತ್ತು. ಅದಕ್ಕೆ ತಟ್ಟನೆ ಉಪಾಯ ಹೊಳೆಯಬೇಕಾದ ಪ್ರಸಂಗವೇ ಬರಲಿಲ್ಲ. ಕಥೆ ಇಬ್ಬರನ್ನೂ ಉಳಿಸುತ್ತದೆ. ಆಗುವುದು ಆಗಲಿ ಎಂದು ಕೂತ ಮೂರನೆಯದನ್ನು ಮಾತ್ರ ಕಳೆದುಕೊಳ್ಳುತ್ತದೆ. ನಮ್ಮ ತರಗತಿಗಳಲ್ಲಿ ಬಹುಮಾನವೆಲ್ಲ ಎರಡನೆಯ ಮೀನಿಗೇ ಹೋಗುತ್ತಿದೆ ಎಂಬುದು ನನ್ನನ್ನು ಬಹಳ ವರ್ಷಗಳಿಂದ ಕೊರೆಯುತ್ತಿರುವ ವಿಷಯ.

ಹಾಗಾದರೆ ನಿಜವಾಗಿ ಮಿಂಚಿನಂತೆ ಓಡುವ ಬುದ್ಧಿ ಇಲ್ಲವೇ ಎಂದು ಕೇಳುತ್ತೀಯ. ಇದೆ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು ತೆಗೆದುಕೋ. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗುವಿಗೆ ಇಸ್ಪೀಟಿನ ಆಟ ತೋರಿಸುವಾಗ ಅವಳು ಎಲೆಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತಿರುವುದು ಅವರಿಗೆ ಗೊತ್ತಾಯಿತು. ಶಾಲೆಯ ಓದು ಎಂಬುದು ಆಕೆಗೆ ದಕ್ಕಲೇ ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಕೊಟ್ಟು ಗುಣಿಸಲು ಹೇಳಿದರು. ಇಪ್ಪತ್ತಾರು ಅಂಕಿಗಳ ಉತ್ತರವನ್ನು ಆಕೆ 28 ಸೆಕೆಂಡಿನಲ್ಲಿ ಹೇಳಿ ಮುಗಿಸಿದರು. ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿತು. ಆ 28 ಸೆಕೆಂಡಿನಲ್ಲಿ ಉತ್ತರವನ್ನು ಬಾಯಲ್ಲಿ ಉಚ್ಚರಿಸಿದ ಸಮಯವೂ ಸೇರಿದೆ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಕಥೆಯ ಮುಂದಿನ ಭಾಗ ಎಲ್ಲರಿಗೂ ಗೊತ್ತಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲಿ ಆಕೆಯನ್ನು ಪರೀಕ್ಷಿಸಿ, 1990ರಲ್ಲಿ ಅದರ ವರದಿ ಪ್ರಕಟಿಸಿದರು. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವುದು ಇತ್ಯಾದಿ ಸರಳ ಕೆಲಸಗಳಲ್ಲಿ ಮನಸ್ಸು ಎಷ್ಟು ಬೇಗ ಪ್ರತಿಕ್ರಿಯಿಸುತ್ತದೆ ಎಂದು ಅಳೆಯುವ ಪರೀಕ್ಷೆಗಳವು. ಅಂಥ ಕೆಲಸಗಳಲ್ಲಿ ಶಕುಂತಲಾ ದೇವಿಯವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಹಾಗಾದರೆ ಆ 28 ಸೆಕೆಂಡು ಎಲ್ಲಿಂದ ಬಂತು? ಸಂಖ್ಯೆಗಳ ಜೊತೆ ಮೂರು ವರ್ಷದ ವಯಸ್ಸಿನಿಂದ ಬಂದ ಸಲಿಗೆಯಿಂದ. ನಮಗೆ ಹದಿಮೂರು ಅಂಕಿಗಳ ಸಾಲು ಬರೀ ಅಪರಿಚಿತರ ಗುಂಪು. ಆಕೆಗೆ ಒಂದೊಂದೂ ಗುರುತಿನವರು, ಯಾರ ಪಕ್ಕದಲ್ಲಿ ಯಾರು ನಿಂತರೆ ಏನಾಗುತ್ತದೆ ಎಂಬುದು ಗೊತ್ತಿದ್ದವರು. ನರಗಳ ಓಟ ಎಲ್ಲರ ಹಾಗೇ ಇತ್ತು. ಸಂಖ್ಯೆ ತಾಗಿದ ಜಾಗ ಮಾತ್ರ ಬೇರೆಯವರಿಗಿಲ್ಲದಷ್ಟು ಎಚ್ಚರವಾಗಿತ್ತು. ಮಗಳೇ, ನೀನು ‘ಲೆಕ್ಕದಲ್ಲಿ ಚುರುಕು’ ಎಂದು ಬರೆದಾಗ ಈ ಸಲಿಗೆಯ ಬಗ್ಗೆ ಬರೆಯುತ್ತಿದ್ದೀಯ ಎಂಬುದು ನಿನಗೆ ನೆನಪಿರಬೇಕು. ಸಲಿಗೆಯನ್ನು ಬೆಳೆಸಬಹುದು. ಅದು ನಿನ್ನ ಕೈಯಲ್ಲೂ ಇದೆ.

ಇನ್ನು ನಮ್ಮ ಕನ್ನಡದ್ದೇ ಒಂದು ದೊಡ್ಡ ಉದಾಹರಣೆ ಅವಧಾನ. ನೀನಿನ್ನೂ ಎದುರಿಗೆ ಕೂತು ನೋಡಿಲ್ಲ. ರಜೆಯಲ್ಲಿ ಬಂದಾಗ ಎಲ್ಲಾದರೂ ನಡೆದರೆ ಕರೆದುಕೊಂಡು ಹೋಗುತ್ತೇನೆ. ಅಷ್ಟಾವಧಾನದಲ್ಲಿ ಪ್ರಶ್ನೆ ಕೇಳುವ ಎಂಟು ಮಂದಿ ಪೃಚ್ಛಕರು ಕೂತಿರುತ್ತಾರೆ. ಸಮಸ್ಯಾಪೂರಣದವರು ಅಸಂಬದ್ಧವಾಗಿ ಕೇಳಿಸುವ ಒಂದು ಸಾಲು ಕೊಟ್ಟು ಪದ್ಯ ಮಾಡಿ ಎನ್ನುತ್ತಾರೆ. ದತ್ತಪದಿಯವರು ನಾಲ್ಕು ಪದ ಕೊಟ್ಟು, ಅವನ್ನಿಟ್ಟುಕೊಂಡು ಸಂಬಂಧವೇ ಇಲ್ಲದ ವಸ್ತುವಿನ ಮೇಲೆ ಪದ್ಯ ಕೇಳುತ್ತಾರೆ. ನಡುನಡುವೆ ಸಂಖ್ಯಾಬಂಧದವರು ಚೌಕದ ಯಾವುದೋ ಮನೆಯ ಸಂಖ್ಯೆ ಕೇಳುತ್ತಾರೆ. ಅಪ್ರಸ್ತುತಪ್ರಸಂಗಿಗೆ ಕೆಲಸವೇ ಅಡ್ಡ ಬರುವುದು. ‘ಅವಧಾನಿಗಳೇ, ನಿಮ್ಮೂರಲ್ಲಿ ಟೊಮೇಟೊ ಬೆಲೆ ಎಷ್ಟು?’ ಎಂಬಂಥ ಪ್ರಶ್ನೆ ಎಸೆದು, ಕಟ್ಟುತ್ತಿರುವ ಪದ್ಯದಿಂದ ಮನಸ್ಸನ್ನು ಎಳೆದು ತರುವುದು. ಎಲ್ಲಕ್ಕಿಂತ ಕಠಿಣವಾದದ್ದು ನಿಷೇಧಾಕ್ಷರಿ. ಅವಧಾನಿ ಒಂದು ಅಕ್ಷರ ಹೇಳುತ್ತಾರೆ. ಮುಂದೆ ಯಾವ ಪದ ಬರಬಹುದು ಎಂದು ಊಹಿಸಿದ ಪೃಚ್ಛಕರು, ಅದಕ್ಕೆ ಬೇಕಾದ ಅಕ್ಷರವನ್ನೇ ಬೇಡ ಎನ್ನುತ್ತಾರೆ. ಅವಧಾನಿ ಬೇರೆ ದಾರಿ ಹಿಡಿದು ಮತ್ತೊಂದು ಅಕ್ಷರ ಹೇಳುತ್ತಾರೆ. ಅದರ ಮುಂದಿನದಕ್ಕೂ ತಡೆ. ಹೀಗೆ ಅಕ್ಷರಕ್ಕೊಂದು ಬಾಗಿಲು ಮುಚ್ಚುತ್ತ ಹೋದರೂ ಕೊನೆಗೆ ಛಂದಸ್ಸು ಕೆಡದ, ಅರ್ಥವಿರುವ ಸಾಲು ನಿಂತಿರುತ್ತದೆ. ಕಾಗದವಿಲ್ಲ, ಪೆನ್ನಿಲ್ಲ. ಒಂದು ಸುತ್ತಿಗೆ ಒಬ್ಬೊಬ್ಬರಿಗೂ ಒಂದೊಂದೇ ಸಾಲು, ಹಾಗೆ ನಾಲ್ಕು ಸುತ್ತು. ಕೊನೆಯಲ್ಲಿ ಧಾರಣೆ, ಅಂದರೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಇಡಿಯಾಗಿ ಹೇಳುವುದು.

ಶತಾವಧಾನಿ ಆರ್. ಗಣೇಶರು ಈ ಕಲೆಯನ್ನು ನಮ್ಮ ಕಾಲದಲ್ಲಿ ಕನ್ನಡಕ್ಕೆ ಮತ್ತೆ ತಂದುಕೊಟ್ಟವರು. 2012ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೂರು ದಿನ ನೂರು ಮಂದಿ ಪೃಚ್ಛಕರನ್ನು ಎದುರಿಸಿ ಶತಾವಧಾನ ನಡೆಸಿದರು. ಅವಧಾನ ನೋಡಲು ಹೋದವರೆಲ್ಲ ‘ಎಂಥ ಚುರುಕು!’ ಎಂದು ಬೆರಗಾಗುತ್ತಾರೆ. ನಾನು ಅಲ್ಲಿ ಕೂತು ನೋಡಿದ್ದು ಬೇರೊಂದನ್ನು. ಪೃಚ್ಛಕರು ಪ್ರಶ್ನೆ ಹೇಳುವಾಗ ಅವಧಾನಿ ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ. ಎಷ್ಟೋ ಸಲ ಪದವನ್ನು ಇನ್ನೊಮ್ಮೆ ಹೇಳಿಸಿ ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಒಂದು ಮೌನ. ಅದು ಚಿಕ್ಕದೇ ಇರಬಹುದು, ಆದರೆ ಇದ್ದೇ ಇರುತ್ತದೆ. ಅವಧಾನ ಎಂದರೇ ಗಮನ. ಆ ವಿದ್ಯೆಗೆ ಹೆಸರಿಟ್ಟ ಹಿರಿಯರು ವೇಗದ ಹೆಸರು ಇಡಲಿಲ್ಲ. ಅದರ ಹಿಂದೆ ಎಷ್ಟು ವರ್ಷಗಳ ಕಾವ್ಯದ ಓದು, ಎಷ್ಟು ಛಂದಸ್ಸಿನ ಅಭ್ಯಾಸ ಬಿದ್ದಿರಬೇಕು ಎಂದು ಯೋಚಿಸು.

ನಮ್ಮ ತಾಳಮದ್ದಳೆಯಲ್ಲೂ ಇದೇ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಆ ಗಳಿಗೆಯಲ್ಲೇ ಮಾತು ಕಟ್ಟಬೇಕು. ಎದುರಿಗಿರುವವನು ಏನು ಕೇಳುತ್ತಾನೋ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ರಾಮನಾಗಿ ಕೂರುವುದೆಂದರೆ ಸಾಮಾನ್ಯ ಮಾತಾಗಿರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಒಳ್ಳೆಯ ಅರ್ಥಧಾರಿಯ ಗುಟ್ಟು ನಾಲಗೆಯಲ್ಲಿಲ್ಲ, ಕಿವಿಯಲ್ಲಿದೆ. ಎದುರಾಳಿಯ ಮಾತಿನಲ್ಲಿ ಸಡಿಲವಾಗಿ ಬಿದ್ದ ಒಂದು ಪದ ಅವನಿಗೆ ತಾಗುತ್ತದೆ, ಅದನ್ನೇ ಹಿಡಿದು ಉತ್ತರ ಏಳುತ್ತದೆ. ತನ್ನ ಸರದಿ ಯಾವಾಗ ಬರುತ್ತದೋ ಎಂದು ಕಾಯುತ್ತ ಕೂತವನಿಗೆ ಆ ಪದ ಕೇಳಿಸುವುದೇ ಇಲ್ಲ.

ಈಗ ನೀನು ಬರೆದ ಆ ಇಬ್ಬರು ಮಕ್ಕಳ ವಿಷಯ. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳಿಬಿಡುವ ಹುಡುಗಿಯನ್ನು ನೀನು ಮೊದಲ ಸಾಲಿನಲ್ಲೇ ‘ತುಂಬಾ ಚುರುಕು’ ಎಂದು ಬರೆದಿದ್ದೀಯ. ಅವಳ ಉತ್ಸಾಹವನ್ನು ಖಂಡಿತ ಮೆಚ್ಚು. ಆದರೆ ನೀನೇ ಹೇಳಿದ ಹಾಗೆ, ನೀನು ‘ಮರದ ಮೇಲೆ ಹತ್ತು ಹಕ್ಕಿ ಇದ್ದವು’ ಎನ್ನುತ್ತಿದ್ದಂತೆ ಅವಳು ‘ಏಳು’ ಎಂದು ಕೂಗಿದಳು. ಹಿಂದಿನ ದಿನದ ಲೆಕ್ಕದಲ್ಲಿ ಮೂರು ಹಾರಿಹೋಗಿದ್ದವು. ಅವತ್ತು ಎರಡು ಬಂದು ಸೇರಬೇಕಿತ್ತು. ಅವಳಿಗೆ ಬಾಯಿ ಚುರುಕು, ನೆನಪೂ ಚುರುಕು. ಕಿವಿಯನ್ನು ಅಷ್ಟೇ ಚುರುಕು ಮಾಡುವುದು ನಿನ್ನ ಕೆಲಸ. ಪೂರ್ತಿ ಕೇಳಿಸಿಕೊಂಡ ದಿನ ಅವಳನ್ನು ವಿಶೇಷವಾಗಿ ಹೊಗಳು, ಉತ್ತರ ಸರಿಯಾದುದಕ್ಕೆ ಮಾತ್ರ ಹೊಗಳಬೇಡ.

ಇನ್ನೊಬ್ಬ ಹುಡುಗ, ಕುರಿ ಕಾಯುವವರ ಮನೆಯವನು. ಕಲಿಕೆಯ ಕಾರ್ಡಿನ ಮುಂದೆ ಕೂತರೆ ಏಳುವುದೇ ಇಲ್ಲ, ಅಕ್ಷರ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾನೆ ಎಂದು ಬರೆದಿದ್ದೀಯ. ಅವನ ಬಗ್ಗೆ ಏನು ಬರೆಯಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೀಯ. ಅದೇ ಕಾಗದದ ಕೊನೆಗೆ, ಬೇರೆ ಸುದ್ದಿ ಹೇಳುತ್ತ, ಒಂದು ಸಂಜೆ ಹಿಂಡು ಊರೊಳಗೆ ಬರುತ್ತಿದ್ದಾಗ ಅವನು ನಿನ್ನ ಪಕ್ಕ ನಿಂತು, ಎಣಿಸದೆಯೇ, ‘ಬಿಳೀ ಕಿವೀದು ಬಂದಿಲ್ರೀ ಟೀಚರ್’ ಎಂದು ಓಡಿದ್ದನ್ನೂ ಬರೆದಿದ್ದೀಯ. ಅಷ್ಟು ಕುರಿಗಳ ನಡುವೆ ಇಲ್ಲದ ಒಂದನ್ನು ಕಂಡ ಕಣ್ಣು ಅದು. ಇರುವುದನ್ನು ಕಾಣುವುದೇ ಕಷ್ಟ, ಇಲ್ಲದ್ದನ್ನು ಕಾಣಲು ಎಂಥ ಚುರುಕು ಬೇಕು ಯೋಚಿಸು. ಶಕುಂತಲಾ ದೇವಿಯವರಿಗೆ ಸಂಖ್ಯೆಗಳ ಜೊತೆ ಇದ್ದ ಸಲಿಗೆ ಈ ಮಗುವಿಗೆ ಕುರಿಗಳ ಜೊತೆ ಇದೆ. ಅಕ್ಷರಗಳ ಜೊತೆ ಇನ್ನೂ ಪರಿಚಯವಾಗುತ್ತಿದೆ, ಅಷ್ಟೇ. ಬೆರಳಿನಿಂದ ಮುಟ್ಟಿ ನೋಡುವುದು ಅವನು ಪರಿಚಯ ಮಾಡಿಕೊಳ್ಳುವ ರೀತಿ. ದಯವಿಟ್ಟು ಆ ಬೆರಳನ್ನು ತೆಗೆಸಬೇಡ.

ನಿನ್ನ ಪುಣ್ಯಕ್ಕೆ ನೀನಿರುವುದು ನಲಿಕಲಿ ತರಗತಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ತಾವೇ ಕೂತು ಕಾರ್ಡು ಬರೆದು ಕಟ್ಟಿದ ಪದ್ಧತಿ ಅದು. ಮೇಲಿನಿಂದ ಇಳಿದು ಬಂದದ್ದಲ್ಲ, ನಿನ್ನಂಥ ಮೇಷ್ಟ್ರುಗಳೇ ಹುಟ್ಟಿಸಿದ್ದು. ಆಮೇಲೆ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ನಿಂತಿರುತ್ತದೆ. ರಜೆ ಹಾಕಿ ಗುಳೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡುತ್ತದೆ. ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂತ ಮಕ್ಕಳಲ್ಲಿ ಕೆಲವರಿಗೆ ನೀನು ಬೇಕು, ಕೆಲವರಿಗೆ ಗೆಳೆಯರು ಸಾಕು, ಕೊನೆಯ ತಟ್ಟೆಯವರು ತಾವೇ ಕಲಿಯುತ್ತಾರೆ. ಅದೇ ಮಗು ಇವತ್ತು ಮೊದಲ ತಟ್ಟೆಯಲ್ಲಿ, ನಾಳೆ ಐದನೆಯದರಲ್ಲಿ. ಹೀಗಿರುವಾಗ ಪ್ರಗತಿ ಪತ್ರದಲ್ಲಿ ಮಾತ್ರ ಒಂದು ಮಗುವನ್ನು ಚುರುಕು, ಒಂದನ್ನು ಮಂದ ಎಂದು ಬರೆದರೆ ಇಷ್ಟು ತಿಂಗಳ ನಿನ್ನ ಕೆಲಸಕ್ಕೇ ವಿರೋಧವಾಗಿ ಬರೆದ ಹಾಗಲ್ಲವೇ?

ನಾನು ಕೆಲಸದಲ್ಲಿದ್ದಾಗ ತರಬೇತಿಯೊಂದರಲ್ಲಿ ಕೇಳಿ ಮನಸ್ಸಿಗೆ ಹಚ್ಚಿಕೊಂಡ ಒಂದು ಸಂಗತಿ ನಿನಗೆ ಕೊಡುತ್ತೇನೆ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ಇದ್ದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಎಷ್ಟೋ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಅಳೆದರು. ಸಾಮಾನ್ಯವಾಗಿ ಒಂದೇ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆ ಪಕ್ಕದ ಮಗುವಿಗೆ ಹೋಗುತ್ತಿತ್ತು. ಅದನ್ನೇ ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಕಾರಣ ಸಮೇತ ಬರತೊಡಗಿದವು, ಅದುವರೆಗೆ ಬಾಯಿ ಬಿಡದ ಮಕ್ಕಳು ಮಾತಾಡಿದರು. ಬರೀ ಎರಡು ಸೆಕೆಂಡಿನ ವ್ಯತ್ಯಾಸ! ಒಂದು ಸೆಕೆಂಡಿನ ತರಗತಿಯಲ್ಲಿ ಚುರುಕಲ್ಲ ಎನಿಸಿಕೊಂಡವರು ಮೂರು ಸೆಕೆಂಡಿನ ತರಗತಿಯಲ್ಲಿ ಬೇರೆಯೇ ಮಕ್ಕಳಾದರು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸು. ಆ ಹೊತ್ತಿನಲ್ಲಿ ತರಗತಿಯ ಮೌನ ಬಹಳ ಉದ್ದವಾಗಿ ಕಾಣುತ್ತದೆ, ಇನ್ಸ್‌ಪೆಕ್ಟರು ಬಂದು ಹಿಂದೆ ಕೂತಿದ್ದರಂತೂ ಇನ್ನೂ ಉದ್ದ. ಆದರೂ ಎಣಿಸು. ಉತ್ತರ ಬಂದ ಮೇಲೂ ಕೂಡಲೇ ‘ಗುಡ್’ ಎಂದು ಮುಗಿಸಬೇಡ, ಇನ್ನೊಂದು ಮೂರು ಎಣಿಸು. ಮಗು ಮುಂದುವರಿಸುತ್ತದೆ.

ಇಷ್ಟೆಲ್ಲ ಹೇಳಿದೆನಲ್ಲ, ಹಾಗಾದರೆ ಚುರುಕು ಪದವನ್ನೇ ಬಿಟ್ಟುಬಿಡಲೇ ಎನ್ನಬೇಡ. ಅಷ್ಟು ಜೀವಂತ ಪದವನ್ನು ಯಾಕೆ ಬಿಡಬೇಕು? ಧಾರಾಳವಾಗಿ ಬರೆ. ಆದರೆ ಎಲ್ಲಿ ಎಂಬುದನ್ನು ಸೇರಿಸಿ ಬರೆ, ಆಗುತ್ತಿದ್ದಾನೆ, ಆಗುತ್ತಿದ್ದಾಳೆ ಎಂದು ಬರೆ. ‘ಹಾಡು ಒಮ್ಮೆ ಕೇಳಿದರೆ ರಾಗ ಹಿಡಿಯುತ್ತಾಳೆ, ಕಿವಿ ಚುರುಕು. ಬರವಣಿಗೆಯಲ್ಲಿ ಕೈ ಈಗೀಗ ಚುರುಕಾಗುತ್ತಿದೆ.’ ಆ ಹುಡುಗನಿಗೆ: ‘ನೋಡುವ ಕಣ್ಣು ಬಹಳ ಚುರುಕು. ಅಕ್ಷರಗಳನ್ನು ನಿಧಾನವಾಗಿ, ಗಟ್ಟಿಯಾಗಿ ಕಲಿಯುತ್ತಿದ್ದಾನೆ.’ ನಿಧಾನ ಎಂಬ ಪದಕ್ಕೆ ಹೆದರಬೇಡ, ನಮ್ಮಲ್ಲಿ ಅದು ಬೈಗುಳವಲ್ಲ. ಮಂದ ಎಂದು ಮಾತ್ರ ಬರೆಯಬೇಡ. ಆ ಪದ ಮೊಸರಿಗೆ ಶೋಭಿಸುತ್ತದೆ, ಮಗುವಿಗೆ ಬೇಡ. ಒಂದೊಂದು ಮಗುವಿಗೂ ಹೀಗೆ ಬರೆಯಲು ಸಮಯ ಹಿಡಿಯುತ್ತದೆ, ಮುಖ್ಯಗುರುಗಳು ಬೇಗ ಮುಗಿಸಿ ಎನ್ನಬಹುದು. ಎರಡು ದಿನ ಹೆಚ್ಚು ಕೇಳಿಕೋ, ಕೊಡುತ್ತಾರೆ.

ನಿನಗೆ ಪರಿಷತ್ತಿನ ‘ಕನ್ನಡ ರತ್ನಕೋಶ’ದ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಚೀಲದಲ್ಲಿ ಇಟ್ಟುಕೊಂಡು ಓಡಾಡುವಷ್ಟು ಚಿಕ್ಕದು. ಜೊತೆಗೆ ಸ್ವಲ್ಪ ಅಪ್ಪೆಮಿಡಿ ಉಪ್ಪಿನಕಾಯಿಯೂ ಇದೆ, ಬಾಟಲಿಯ ಮುಚ್ಚಳ ನೋಡಿ ತೆಗೆ. ಒಂದು ಮಾತು ಬಿಟ್ಟುಹೋಗಿತ್ತು. ಪಾಲಕರ ಸಭೆಯ ದಿನ ಹಾಳೆಯನ್ನು ಮಡಿಸಿ ಕೈಗೆ ಕೊಟ್ಟು ಕಳಿಸಬೇಡ. ಓದಲು ಬಾರದ ತಾಯಂದಿರು ಅಲ್ಲಿ ಬಹಳ ಜನ ಎಂದಿದ್ದೀಯ. ಪಕ್ಕದಲ್ಲಿ ಕೂರಿಸಿಕೊಂಡು, ಮಗುವನ್ನೂ ಎದುರಿಗೆ ಇಟ್ಟುಕೊಂಡು, ನೀನು ಬರೆದ ಸಾಲನ್ನು ಗಟ್ಟಿಯಾಗಿ ಓದಿ ಹೇಳು. ಪುಸ್ತಕದ ಕನ್ನಡ ಅವರಿಗೆ ದೂರವೆನಿಸಿದರೆ ಅವರದೇ ಮಾತಿನಲ್ಲಿ ಹೇಳು: ‘ನಿಮ್ಮ ಹುಡುಗಾ ಭಾಳ ಶ್ಯಾಣ್ಯಾ ಅದಾನ್ರೀ, ಅವನ ಕಣ್ಣಿಗೆ ಒಂದೂ ತಪ್ಪೂದಿಲ್ಲ.’ ಆಮೇಲೆ ಆ ತಾಯಿ ಮಗುವಿನ ಬಗ್ಗೆ ಏನು ಹೇಳುತ್ತಾಳೆ ಕೇಳಿಸಿಕೋ. ನಿನಗೆ ಗೊತ್ತಿಲ್ಲದ ಏನಾದರೊಂದು ಹೇಳಿಯೇ ಹೇಳುತ್ತಾಳೆ. ಹಾಳೆಯಲ್ಲಿ ಅದಕ್ಕೂ ಸ್ವಲ್ಪ ಜಾಗ ಬಿಟ್ಟಿರು, ಅವಳ ಎದುರಿಗೇ ಬರೆದುಕೊಳ್ಳಬಹುದು.

ಇತಿ, ನಿನ್ನ ಪ್ರೀತಿಯ
ದೊಡ್ಡಮ್ಮ